ಕೊನೆಯ ಖಾನೆ

ಮೇಡಂ ಅವರ ಬಲಗೈ ನಡುಬೆರಳಿನಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಎದ್ದ ಗಂಟೊಂದಿತ್ತು. ಹೊಸ ಪ್ರೋಗ್ರಾಮ್ ಬರೆಯಲೆಂದು ನನ್ನನ್ನು ಕರೆಸಿಕೊಂಡವರು ಮೊದಲ ತಿಂಗಳು ಕಂಪ್ಯೂಟರ್ ಮುಟ್ಟಲೇ ಬಿಡಲಿಲ್ಲ.

ಧಾರವಾಡದಿಂದ ಬಂದು ಬನಾರಸ್‌ನಲ್ಲಿ ಗಂಗೆಯ ನೀರು ಅಳೆಯುತ್ತಲೇ ತಲೆ ನರೆಸಿಕೊಂಡ ಪ್ರೊಫೆಸರ್ ಅವರು. ಅಳೆದದ್ದೆಲ್ಲ ಅವರೇ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಮಿನ ಫೈಲುಗಳಲ್ಲಿ ಬರಿಯ ಬೈಟುಗಳ, ಎಂದರೆ ಹೆಸರಿಲ್ಲದ ಅಂಕಿಗಳ, ಸಾಲಾಗಿ ಕೂತಿತ್ತು. ಅದನ್ನು ರಸ್ಟ್ ಎಂಬ ಹೊಸ ಭಾಷೆಗೆ ದಾಟಿಸುವುದು ಮೈಸೂರಿನಿಂದ ಸಂಶೋಧನೆಗೆ ಬಂದ ನನ್ನ ಪಾಲಿಗೆ ಬಂತು. ತೊಂದರೆ ಏನೆಂದರೆ, ಅವರು ಯಾವುದಕ್ಕೂ ಸರಿಯಾದ ಹೆಸರಿಟ್ಟಿರಲಿಲ್ಲ. ಎಲ್ಲವೂ ಎ, ಬಿ ಎಂಬ ಒಂಟಿ ಅಕ್ಷರ. ಯಾವುದು ಏನೆಂದು ಗೊತ್ತಿದ್ದದ್ದು ಅವರೊಬ್ಬರಿಗೇ. ಅವರಿಗೋ ಕ್ಯಾನ್ಸರ್ ಆಗಿತ್ತು.

ಹಾಗಾಗಿ ದಿನಾ ಸಂಜೆ ಅಸ್ಸಿ ಘಾಟಿನ ಹತ್ತಿರದ ಅವರ ಮನೆಗೆ ಹೋಗುತ್ತಿದ್ದೆ. ಅವರು ಚೌಕುಳಿ ಹಾಳೆಯಲ್ಲಿ ಬೈಟಿಗೊಂದು ಖಾನೆ ಬರೆದಿಡುತ್ತಿದ್ದರು. ನಾನು ಪ್ರತಿ ಖಾನೆಯ ಮೇಲೂ ಬೆರಳಿಟ್ಟು ಅದೇನೆಂದು ಬಾಯಿಬಿಟ್ಟು ಹೇಳಬೇಕು. ಕಂಪ್ಯೂಟರ್ ಕೈಗೆ ಬಂದ ಮೇಲೊಮ್ಮೆ ಈ ಶಾಲೆಮಕ್ಕಳ ಆಟಕ್ಕೆ ಬೇಸತ್ತು, ಎರಡು ಅಳತೆಗಳ ನಡುವಿನ ಖಾಲಿ ಬೈಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪ್ರೋಗ್ರಾಮ್ ಬರೆದುಬಿಟ್ಟೆ. ಮುಂದಿನ ಅಂಕಿಗಳೆಲ್ಲ ಒಂದೊಂದು ಖಾನೆ ಜರುಗಿ, ಅದು ಅಸ್ಸಿಯ ನೀರು ಆರು ಸಾವಿರ ಡಿಗ್ರಿ ಎಂದು ತೋರಿಸಿತು.

"ಚೊಲೋ ಆತು. ಇನ್ನ ಚಾಕ್ಕ ಗ್ಯಾಸ್ ಬ್ಯಾಡ, ಹೊಳಿಗೆ ಹೋಗಿ ಚಾಪುಡಿ ಹಾಕಿದ್ರ ಸಾಕು" ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಖಾಲಿ ಇದ್ದದ್ದೂ ಜಾಗಾ ಹಿಡೀತದ ತಂಗಿ, ಎಣಸು" ಎಂದರು.

ಕೊನೆಗೆ ಒಂದೇ ಖಾನೆ ಉಳಿಯಿತು.

"ಇದು ಏನು ಮೇಡಂ?"

"ಅದು ದೊಡ್ಡ ಕಥಿ ಐತಿ. ಕೂಡ್ತೀ ಏನು, ನಾಳೆ ಹೇಳ್ಲೋ?"

ನಾನಿದ್ದ ಲಂಕಾ ಬಡಾವಣೆಗೆ ಹೋಗುವ ಆಟೋ ಹೊರಗೆ ಹಾರ್ನ್ ಹೊಡೆಯುತ್ತಿತ್ತು. ನನಗೆ ಹಸಿವಾಗಿತ್ತು. ನಾಳೆಯೇ ಹೇಳಿ ಮೇಡಂ ಎಂದೆ.

ಮರುದಿನ ಬೆಳಿಗ್ಗೆ ಅವರು ಹೋಗಿಬಿಟ್ಟರು. ಹರಿಶ್ಚಂದ್ರ ಘಾಟ್‌ನ ಮೆಟ್ಟಿಲ ಮೇಲೆ ಅವರ ತಮ್ಮ ನನ್ನ ಹತ್ತಿರ ಬಂದು ಕೇಳಿದರು: "ನಿಮ್ಮ ಕೆಲಸ ಮುಗೀತೇನವ್ವಾ? ಅಕ್ಕಗ ಅದೊಂದ ಚಿಂತಿ ಇತ್ತು."

"ಮುಗೀತು ಸಾರ್" ಎಂದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಈಗ ಹೊಸ ಪ್ರೋಗ್ರಾಮ್ ಎಲ್ಲವನ್ನೂ ಸರಿಯಾಗಿ ಓದುತ್ತದೆ. ಕೊನೆಯ ಖಾನೆಯಲ್ಲಿ ಹೆಚ್ಚಿನ ದಿನಗಳಿಗೆ ಸೊನ್ನೆ ಇದೆ, ಎಲ್ಲೋ ಕೆಲವು ದಿನಗಳಿಗೆ ಒಂದು. ಆ ದಿನಗಳಲ್ಲಿ ನೀರಿನ ಹತ್ತಿರ ಅವರು ಏನು ಕಂಡರೋ ಗೊತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ದಾಟಿಸಿದ್ದೇನೆ. ಅವರು ಕೂಡ್ತೀ ಏನು ಎಂದು ಕೇಳಿದ್ದರು. ಕೂರಬಹುದಿತ್ತು.