ಹನ್ನೊಂದು ಮನೆಯ ಸಹಿ

ನಮ್ಮ ಮುತ್ತುವಿನಷ್ಟು ಸಹಿ ಹಾಕಿದ ಮನುಷ್ಯ ಹೊಳೆಯ ಈಚೆಗೂ ಇಲ್ಲ, ಆಚೆಗೂ ಇಲ್ಲ. ಪಂಚಾಯ್ತಿ ಅಧ್ಯಕ್ಷರು ಕೂಡ ಅಷ್ಟು ಹಾಕಿಲ್ಲ. ಅವರಿಗೆ ಸಹಿಗಿಂತ ರಿಬ್ಬನ್ ಕತ್ತರಿಸುವುದರಲ್ಲಿ ಆಸಕ್ತಿ ಹೆಚ್ಚು.

ಹಂಗಾರಕಟ್ಟೆಯಿಂದ ಸ್ವಲ್ಪ ಮೇಲೆ ಹೊಳೆಯ ನಡುವೆ ಗಂಜಿಕುದ್ರು ಅಂತ ಒಂದು ತುಂಡು ನೆಲ. ಸುತ್ತ ನೀರು, ನಡುವೆ ತೆಂಗು, ತೆಂಗಿನ ಬುಡದಲ್ಲಿ ಹನ್ನೊಂದು ಮನೆ, ಅದರಲ್ಲೊಂದು ಮುತ್ತುವಿನದು. ಸೇತುವೆ ಇಲ್ಲ. ಪ್ರತಿ ಚುನಾವಣೆಯಲ್ಲಿ ಒಂದು ಸೇತುವೆ ಬರುತ್ತದೆ, ಮತ ಎಣಿಸಿದ ಸಂಜೆ ಹೋಗುತ್ತದೆ. ಕುದ್ರುವಿಗೂ ಈಚೆ ದಡದಲ್ಲಿ ದೋಣಿ ನಿಲ್ಲುವ ದಕ್ಕೆಗೂ ನಡುವೆ ಇರುವುದು ಮುತ್ತುವಿನ ದೋಣಿಯೊಂದೇ. ನಾನು ಅಶೋಕ, ದಕ್ಕೆಯ ಮೇಲೆ ಚಾದಂಗಡಿ ಇಟ್ಟವನು. ಹಿಂದೆ ಒಂದು ಅವಧಿಗೆ ಪಂಚಾಯ್ತಿ ಸದಸ್ಯನೂ ಆಗಿದ್ದೆ. ಮೀನು ಮಾರ್ಕೆಟ್ಟಿಗೆ ಶೀಟು ಹಾಕಿಸುತ್ತೇನೆಂದು ಗೆದ್ದೆ, ಶೀಟು ಬರುವ ಮೊದಲೇ ಸೋತೆ. ಹಾಗಾಗಿ ಅಧ್ಯಕ್ಷರನ್ನು ಬಯ್ಯುವಾಗ ನನ್ನನ್ನೂ ಸೇರಿಸಿಕೊಂಡೇ ಬಯ್ಯುತ್ತಿದ್ದೇನೆಂದು ತಿಳಿಯಿರಿ.

ಕುದ್ರುವಿನ ಗಂಡಸರು ಬೋಟಿಗೆ ಹೋದರೆ ವಾರಗಟ್ಟಲೆ ಸಮುದ್ರದಲ್ಲೇ. ಹೆಂಗಸರು ಬೆಳಕು ಹರಿಯುವಷ್ಟರಲ್ಲಿ ಬುಟ್ಟಿ ಹೊತ್ತು ಮೀನು ಮಾರಲು ಹೊರಟಿರುತ್ತಾರೆ. ಆದ್ದರಿಂದ ಕುದ್ರುವಿನ ಹೆಸರಲ್ಲಿ ದಕ್ಕೆಗೆ ಏನು ಬಂದರೂ ದೋಣಿಯವನೇ ಸಹಿ ಹಾಕಿ ತೆಗೆದುಕೊಳ್ಳುವುದು ಮುತ್ತುವಿನ ಅಪ್ಪನ ಕಾಲದ ಪದ್ಧತಿ. ರಿಜಿಸ್ಟರ್ ಅಂಚೆ, ಗ್ಯಾಸ್ ಸಿಲಿಂಡರ್, ಮುಂಬೈಯಿಂದ ಬಂದ ಪಾರ್ಸೆಲ್, ಎಲ್ಲಕ್ಕೂ ಅವನದೇ ಸಹಿ. ಒಮ್ಮೆ ಯಾರದೋ ಸೊಸೆ ಕಳಿಸಿದ ವಕೀಲರ ನೋಟಿಸಿಗೂ ಹಾಕಿಬಿಟ್ಟಿದ್ದ. ನಡುಹೊಳೆಯಲ್ಲಿ ಅದು ಏನೆಂದು ಗೊತ್ತಾಗಿ, ಆಚೆ ದಡ ಮುಟ್ಟಿದ ಮೇಲೂ ಇಳಿಯದೆ ದೋಣಿಯಲ್ಲೇ ಅರ್ಧ ಗಂಟೆ ಕೂತಿದ್ದನಂತೆ. ಕೊನೆಗೆ ಕೊಟ್ಟ. ಬಂದದ್ದನ್ನು ಕೊಡದೆ ಇರುವುದು ಅವನಿಗೆ ಗೊತ್ತಿಲ್ಲದ ವಿದ್ಯೆ.

ಮಾರ್ಚ್ ಬಂತೆಂದರೆ ಕುದ್ರುವಿನ ಬಾವಿಗಳೆಲ್ಲ ಉಪ್ಪು. ಸುತ್ತ ಅಷ್ಟು ನೀರಿದ್ದೂ ಒಂದು ಲೋಟ ಕುಡಿಯುವಂತಿಲ್ಲ. ಮಳೆ ಹಿಡಿಯುವವರೆಗೆ ಪಂಚಾಯ್ತಿ ಟ್ಯಾಂಕರಿನಲ್ಲಿ ನೀರು ಕಳಿಸುತ್ತದೆ. ಟ್ಯಾಂಕರ್ ದಕ್ಕೆಯಲ್ಲಿ ನಿಲ್ಲುತ್ತದೆ. ಮುತ್ತು ದೋಣಿಯಲ್ಲಿಟ್ಟ ನೀಲಿ ಡ್ರಮ್ಮುಗಳಿಗೆ ಪೈಪು ಹಾಕಿ ತುಂಬಿಸಿ, ಬಿದಿರಿನ ಗಳ ಊರುತ್ತ ಆಚೆ ಸಾಗಿಸುತ್ತಾನೆ. ಟ್ಯಾಂಕರಿಗೆ ಅದರದೇ ಸಮಯ, ಉಬ್ಬರ ಇಳಿತಕ್ಕೆ ಅದರದೇ ಸಮಯ. ಎರಡನ್ನೂ ಹೊಂದಿಸಿಕೊಂಡು ಹನ್ನೊಂದು ಮನೆಗೆ ನೀರು ಮುಟ್ಟಿಸುವುದು ಇಪ್ಪತ್ತು ವರ್ಷದಿಂದ ಅವನ ಕೆಲಸ. ಅದಕ್ಕೆ ಪಂಚಾಯ್ತಿ ದೋಣಿ ಕೂಲಿ ಕೊಡುತ್ತಿತ್ತು. ಟ್ಯಾಂಕರ್ ಡ್ರೈವರ್ ಕೊಡುವ ಪುಸ್ತಕಕ್ಕೆ ಹನ್ನೊಂದು ಮನೆಯ ಪರವಾಗಿ ಹನ್ನೊಂದು ಸಹಿ. ‘ಟ್ಯಾಂಕರ್ ಮೂಲಕ ಮನೆ ಬಾಗಿಲಿಗೆ ನೀರು ತಲುಪಿದೆ’ ಎಂದು ಆ ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತದೆ.

ಹೋದ ಫೆಬ್ರವರಿಯಲ್ಲಿ ಪಂಚಾಯ್ತಿಯ ದುಡ್ಡು ತಳ ಕಂಡಿತು. ಮೇಲಿನಿಂದ ಅನುದಾನ ಬರಲಿಲ್ಲ, ಕೆಳಗಿನಿಂದ ಮನೆತೆರಿಗೆ ಬರಲಿಲ್ಲ. ಖರ್ಚು ಕಡಿಮೆ ಮಾಡಲು ವಿಶೇಷ ಸಭೆ ಕರೆದರು. ಆ ಸಭೆಗೆ ಚಾ ಮತ್ತು ಗೋಳಿಬಜೆ ನನ್ನ ಅಂಗಡಿಯದೇ, ಆದ್ದರಿಂದ ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ಮೊದಲು ವಾಚನಾಲಯದ ಪತ್ರಿಕೆ ನಿಲ್ಲಿಸಿದರು. ಆಮೇಲೆ ಬೀದಿದೀಪದಲ್ಲಿ ಒಂದು ಬಿಟ್ಟು ಒಂದು. ಸ್ವಾಗತ ಕಮಾನಿಗೆ ಬಣ್ಣ ಹೊಡೆಸುವುದನ್ನು ಯಾರೂ ಮುಟ್ಟಲಿಲ್ಲ, ಅದರ ಮೇಲೆ ಅಧ್ಯಕ್ಷ ಸುಬ್ಬರಾಯರ ಹೆಸರಿದೆ. ಗೋಳಿಬಜೆಯನ್ನೂ ಮುಟ್ಟಲಿಲ್ಲ, ಅದಕ್ಕೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಆಗ ಪಿಡಿಒ ವಿನಯಾ ಮೇಡಂ ಆಡಿಟ್‌ನವರು ಬರೆದ ಕಾಗದ ಓದಿದರು. ಘಟ್ಟದ ಮೇಲಿನಿಂದ ಬಂದು ಇನ್ನೂ ಮೂರು ತಿಂಗಳಾಗಿತ್ತು, ಕುದ್ರು ಎಂಬುದನ್ನು ಅವರು ಕಾಗದದಲ್ಲಷ್ಟೇ ಕಂಡಿದ್ದರು. “ಗಂಜಿಕುದ್ರುವಿನ ಹನ್ನೊಂದು ಮನೆಗಳಿಗೂ ಟ್ಯಾಂಕರ್ ನೀರು ಮನೆ ಬಾಗಿಲಿಗೇ ತಲುಪಿದೆ ಎಂದು ಫಲಾನುಭವಿಗಳ ಸಹಿ ಇದೆ. ಹಾಗಿದ್ದ ಮೇಲೆ ಅದೇ ನೀರಿಗೆ ದೋಣಿ ಕೂಲಿ ಯಾಕೆ ಅಂತ ಕೇಳಿದ್ದಾರೆ. ಒಂದೇ ಕೆಲಸಕ್ಕೆ ಎರಡು ಖರ್ಚು.”

ಸಭೆಯಲ್ಲಿದ್ದವರಿಗೆಲ್ಲ ಕುದ್ರು ಎಲ್ಲಿದೆ ಎಂದು ಗೊತ್ತು. ಲಾರಿ ಈಜುವುದಿಲ್ಲ ಎಂದೂ ಗೊತ್ತು. ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಯಾಕೆಂದರೆ ಟ್ಯಾಂಕರ್ ಅಜಿತನದು, ಅಜಿತ ಅಧ್ಯಕ್ಷರ ಅಕ್ಕನ ಮಗ. ಅವನ ಬಿಲ್ಲಿನಲ್ಲಿ ದಕ್ಕೆಯಿಂದ ಕುದ್ರುವಿಗೆ ಹೋಗಿ ಬರುವ ಕಿಲೋಮೀಟರುಗಳೂ ಸೇರಿದ್ದವು. ಹೊಳೆಯ ಮೇಲಿನ ಆ ಕಿಲೋಮೀಟರುಗಳಿಗೆ ಪ್ರತಿ ವರ್ಷ ಡೀಸೆಲ್ ಸುಟ್ಟಿತ್ತು. ದೋಣಿ ಕೂಲಿ ರದ್ದು ಎಂದು ಠರಾವಾಯಿತು. ಚಾ ಎರಡನೇ ಸುತ್ತು ಕೊಟ್ಟೆ.

ಸುದ್ದಿ ಕೇಳಿದ ಮುತ್ತು ಪಂಚಾಯ್ತಿಗೆ ಓಡಿದ. ವಾಪಸು ಬಂದು ನನ್ನ ಬೆಂಚಿನ ಮೇಲೆ ಕೂತ.

“ಅಶೋಕಣ್ಣ, ಪುಸ್ತ್ಕ ತೆರ್ದ್ ತೋರ್ಸ್ರ್ ಮಾರ್ರೆ. ಎಲ್ಲಾ ನನ್ನ್ ಸಹಿಯೇ. ಟ್ಯಾಂಕರ್ ಬಂದಿತ್ತ್ ಅಂದ್ರೆ ದೋಣಿ ಕೂಲಿ ಇಲ್ಲೆ. ಬರ್ಲಿಲ್ಲ ಅಂದ್ರೆ ಸುಳ್ಳ್ ಸಹಿ ಹಾಕದ್ ಅಂದೇಳಿ ನನ್ ಮೇಲೇ ಕೇಸ್ ಅಂಬ್ರ್. ಎಂತ ಮಾಡುದ್ ಈಗ?”

“ನೀನ್ ಅದ್ನ ಓದಿ ಸಹಿ ಹಾಕದ್ದಾ?” ಎಂದೆ.

“ಓದಿಯೇ ಹಾಕ್ದೆ. ಆರೆ ಆ ಪುಸ್ತ್ಕ ದೋಣಿಯಗೆ ತಕಂಡ್ ಹೋರೆ ನೀರ್ ಬಿದ್ದ್ ಹಾಳಾತ್ತ್. ನೀರಂತೂ ನಾ ಮುಟ್ಸ್ತೆ ಅಲ್ದಾ, ಯಾರ್ ಮುಟ್ಸ್ರೆ ಎಂತ ಅಂದೇಳಿ ಹಾಕ್ದೆ.”

ಮಾರ್ಚ್ ಹತ್ತರ ಹೊತ್ತಿಗೆ ಬಾವಿ ಉಪ್ಪಾಯಿತು. ಟ್ಯಾಂಕರ್ ಬಂದು ದಕ್ಕೆಯಲ್ಲಿ ನಿಲ್ಲತೊಡಗಿತು. ಮುತ್ತು ಕೂಲಿ ಇಲ್ಲದೆಯೇ ಒಂದು ವಾರ ಗಳ ಊರಿದ. ಎಂಟನೇ ದಿನ ಅವನ ಹೆಂಡತಿ ಸುಗುಣ ಗಳ ಕಸಿದು ಮೂಲೆಗಿಟ್ಟಳು. “ನೀವ್ ಪುಕ್ಕಟೆ ಹೊತ್ರೆ ಅವ್ರ್ ಮುಂದಿನ್ ವರ್ಷವೂ ಪುಕ್ಕಟೆಯೇ ಹೊರ್ಸ್ತ್ರ್. ಗ್ರಾಮಸಭೆಯಗೆ ಕೇಳಿ ಮೊದ್ಲ್.” ಆ ಹೆಂಗಸಿನ ತಲೆಗೆ ನಾನು ಕೈಮುಗಿಯುತ್ತೇನೆ. ಪಂಚಾಯ್ತಿಯ ಹದಿನೈದು ತಲೆ ಸೇರಿಸಿದರೂ ಅಷ್ಟು ಬೆಳಕಿಲ್ಲ.

ಗ್ರಾಮಸಭೆಯ ಹಿಂದಿನ ದಿನ ಸುಬ್ಬರಾಯರು ಖುದ್ದಾಗಿ ನನ್ನ ಅಂಗಡಿಗೆ ಬಂದರು, ಚಾದ ದುಡ್ಡನ್ನೂ ಕೊಟ್ಟರು. ಅಲ್ಲಿಗೇ ನನಗೆ ಅನುಮಾನ ಬಂತು. “ಕಾಣ್ ಅಶೋಕ, ಮುತ್ತು ಬಡವ. ಅವ್ನಿಗೆ ತೊಂದ್ರೆ ಆಪುದ್ ಬ್ಯಾಡ. ಓದುಕ್ ಬತ್ತಿಲ್ಲೆ, ಎಂತ ಬರ್ದಿತ್ತ್ ಗೊತ್ತಿಲ್ಲೆ ಅಂದೇಳಿ ಹೇಳ್ಲಿ. ಕೇಸ್ ಆತಿಲ್ಲೆ. ದೋಣಿದ್ ನಾ ಕಾಣ್ತೆ.” ಓದಲು ಬಾರದವನ ಸಹಿಯಾದರೆ ಇಡೀ ಪುಸ್ತಕವೇ ತಪ್ಪು ತಿಳುವಳಿಕೆಯಾಗಿ ಮುಗಿಯುತ್ತದೆ, ಅಜಿತನ ಬಿಲ್ಲಿಗೂ ಯಾರೂ ಕೈ ಹಾಕುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಅದೇ ಮಾತನ್ನು ಮುತ್ತುವಿಗೆ ಮುಟ್ಟಿಸಿದೆ, ಅದೂ ಕಕ್ಕುಲಾತಿಯಿಂದ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಗ್ರಾಮಸಭೆ ಶಾಲೆಯ ಹಾಲಿನಲ್ಲಿ. ಕುದ್ರುವಿನ ಹೆಂಗಸರು ಮಾರ್ಕೆಟ್ಟಿಗೆ ಒಂದು ದಿನ ರಜೆ ಹಾಕಿ, ಖಾಲಿ ಕೊಡಪಾನ ಸಮೇತ ಮುಂದಿನ ಸಾಲಿನಲ್ಲಿ ಕೂತಿದ್ದರು. ವಿನಯಾ ಮೇಡಂ ಪುಸ್ತಕ ಮೇಜಿನ ಮೇಲಿಟ್ಟರು.

“ಮುತ್ತು ಅವರೇ, ಈ ಸಹಿಗಳು ನಿಮ್ಮದೇನಾ?”

“ನಂದೇ ಮೇಡಂ.”

“ಓದಿ ಹಾಕಿದ್ದಾ, ಓದದೆ ಹಾಕಿದ್ದಾ?”

ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ. ಸುಬ್ಬರಾಯರು ತಾಯಿಯಂತೆ ಮುಗುಳ್ನಗುತ್ತಿದ್ದರು. ಮುತ್ತು ಒಮ್ಮೆ ಸುಗುಣಳ ಕಡೆ ನೋಡಿದ.

“ಓದಿಯೇ ಹಾಕದ್. ಏಳನೇ ಕ್ಲಾಸ್ ಪಾಸ್ ನಾನ್, ಇದೇ ಶಾಲೆಯಗೆ. ಮನಿ ಬಾಗ್ಲಿಗೆ ಟ್ಯಾಂಕರ್ ಬಂತ್ ಅಂದೇಳಿ ಬರ್ದದ್ ಸುಳ್ಳ್. ಒಂದ್ ದಿನವೂ ಬರ್ಲಿಲ್ಲ. ಬಪ್ಪುಕ್ ದಾರಿ ಎಲ್ಲಿತ್ತ್? ಸುಳ್ಳಿಗ್ ಸಹಿ ಹಾಕದ್ ನನ್ ತಪ್ಪ್. ಹೊಳಿ ಮೇಲ್ ಟ್ಯಾಂಕರ್ ಓಡ್ತ್ ಅಂದೇಳಿ ಬಿಲ್ ಮಾಡದ್ ಯಾರ್ ತಪ್ಪ್ ಅಂದೇಳಿ ನೀವೇ ಹೇಳಿ.”

ಅಜಿತ ಎದ್ದು ನಿಂತ. “ಇಳ್ತಕ್ಕೆ ಹೊಳಿ ನೀರ್ ಒಣ್ಗತ್ತ್ ಮೇಡಂ. ಮರಳ್ ಮೇಲ್ ಟ್ಯಾಂಕರ್ ಹೋತ್ತ್.”

“ಹೌದಾ?” ಮುತ್ತು ತಿರುಗಿದ. “ನಾಳೆ ಹನ್ನೊಂದ್ ಗಂಟಿಗೆ ಪೂರಾ ಇಳ್ತ. ತಕಂಡ್ ಬಾ ಟ್ಯಾಂಕರ್ನ. ನಾ ಮುಂದ್ ನಡ್ದ್ ದಾರಿ ತೋರ್ಸ್ತೆ. ನಂಗ್ ಕುತ್ಗಿವರೆಗೆ ಬತ್ತ್ ನೀರ್. ನಿನ್ ಟ್ಯಾಂಕರಿಗ್ ಎಲ್ಲಿವರೆಗ್ ಬತ್ತ್ ಕಾಂಬ.”

ಹೆಂಗಸರು ಕೊಡಪಾನ ಬಡಿಯತೊಡಗಿದರು. ಹದಿನೈದು ಕೊಡಪಾನದ ಸದ್ದಿಗೆ ಅಧ್ಯಕ್ಷರ ಮೈಕು ಸೋತಿತು. ನನ್ನ ಕಣ್ಣಲ್ಲಿ ನೀರು ಬಂತು, ಅದು ಸಂತೋಷಕ್ಕೋ ನಾಚಿಕೆಗೋ ಹೇಳಲಾರೆ. ವಿನಯಾ ಮೇಡಂ ಮಾತ್ರ ನಗಲಿಲ್ಲ. ಮಾರನೇ ದಿನ ಹನ್ನೊಂದು ಗಂಟೆಗೆ ಒಬ್ಬರೇ ದಕ್ಕೆಗೆ ಬಂದು, ಇಳಿತದ ಹೊಳೆ ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು ಮುತ್ತುವಿನ ದೋಣಿ ಹತ್ತಿದರು. ಅಜಿತ ಬರಲಿಲ್ಲ. ಅವನ ಟ್ಯಾಂಕರಿನ ಆರೋಗ್ಯ ಅಂದು ಸರಿ ಇರಲಿಲ್ಲವಂತೆ.

ಆಮೇಲೆ ಎಲ್ಲವೂ ಕಾನೂನು ಪ್ರಕಾರವೇ ನಡೆಯಿತು. ಹೊಳೆಯ ಮೇಲಿನ ಕಿಲೋಮೀಟರುಗಳನ್ನು ಅಜಿತನಿಂದ ವಸೂಲು ಮಾಡಲು ಆದೇಶವಾಯಿತು. ದೋಣಿ ಕೂಲಿ ಮತ್ತೆ ಶುರುವಾಯಿತು. ಪ್ರತಿ ಮನೆಯವರು ನೀರು ಇಳಿಸಿಕೊಂಡು ಅವರವರೇ ಸಹಿ ಹಾಕಬೇಕು, ಸಹಿ ಇಲ್ಲದ ಮನೆಯ ಡ್ರಮ್ಮು ಇಳಿಸುವಂತಿಲ್ಲ ಎಂದು ಹೊಸ ನಿಯಮ ಬಂತು. ಅದೇ ಆದೇಶದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಸುಳ್ಳು ಸಹಿಯನ್ನು ಒಪ್ಪಿಕೊಂಡ ವ್ಯಕ್ತಿಗೆ ಮೂರು ವರ್ಷ ಪಂಚಾಯ್ತಿಯ ಯಾವ ಕೆಲಸವನ್ನೂ ಕೊಡತಕ್ಕದ್ದಲ್ಲ. ಸುಬ್ಬರಾಯರು ಒಪ್ಪಿಕೊಂಡಿರಲಿಲ್ಲ, ಆದ್ದರಿಂದ ಅವರು ಅಧ್ಯಕ್ಷರಾಗಿಯೇ ಉಳಿದರು. ಆ ಕಾಗದ ಕೊಡುವಾಗ ವಿನಯಾ ಮೇಡಂ ಮುತ್ತುವಿನ ಮುಖ ನೋಡಲಿಲ್ಲ. “ನನ್ನ ಕೈಯಲ್ಲಿಲ್ಲ ಮುತ್ತು ಅವರೇ” ಎಂದಷ್ಟೇ ಹೇಳಿದರಂತೆ. ನನಗೆ ಮೈಯೆಲ್ಲ ಉರಿಯಿತು. ಓದಲು ಬರುವುದಿಲ್ಲ ಎಂದಿದ್ದರೆ ಅವನ ಕೆಲಸ ಉಳಿಯುತ್ತಿತ್ತು.

ಕೆಲಸ ಸಿಕ್ಕಿದ್ದು ಸಚಿನ್‌ಗೆ. ಮುಂಬೈಯ ಹೋಟೆಲು ಬಿಟ್ಟು ಊರಿಗೆ ಬಂದ ನಲವತ್ತರ ಆಸಾಮಿ. ದೋಣಿಯನ್ನು ಮುತ್ತುವಿನಿಂದಲೇ ಬಾಡಿಗೆಗೆ ಪಡೆದ. ಮೊದಲ ದಿನ ತಮಾಷೆ ನೋಡಲು ನಾನೂ ಹತ್ತಿದೆ. ಗಳ ಊರುವುದರಲ್ಲಿ ಸಚಿನ್ ಇನ್ನೂ ಹೊಸಬ, ಎರಡು ಸಲ ಮರಳಿಗೆ ಸಿಕ್ಕಿಸಿದ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಸ್ತಕ ನನ್ನ ತೊಡೆಯ ಮೇಲಿತ್ತು.

ಕುದ್ರುವಿನ ದಡದಲ್ಲಿ ಮುತ್ತು ಕೊಡಪಾನ ಹಿಡಿದು ಸಾಲಿನಲ್ಲಿ ನಿಂತಿದ್ದ. ಅವನು ಸಾಲಿನಲ್ಲಿ ನಿಂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ತನ್ನ ಸರದಿ ಬಂದಾಗ ಡ್ರಮ್ಮು ಇಳಿಯುವವರೆಗೆ ಕಾದ, ಮುಚ್ಚಳ ತೆಗೆದು ನೋಡಿದ, ಪುಸ್ತಕದ ಆ ಪುಟವನ್ನು ಮೇಲಿನಿಂದ ಕೆಳಗೆ ಓದಿ ತನ್ನ ಮನೆಯ ಗೆರೆಯ ಮುಂದೆ ಒಂದು ಸಹಿ ಹಾಕಿದ.

ಕೊನೆಗೆ ದೋಣಿಯಲ್ಲಿ ಒಂದು ಡ್ರಮ್ಮು ಉಳಿಯಿತು. ಮುತ್ತುವಿನ ಪಕ್ಕದ ಮನೆಯ ಬಚ್ಚಿಯಕ್ಕನದು. ಒಂಟಿ ಮುದುಕಿ, ಕಣ್ಣಿನ ಆಪರೇಷನ್ನಿಗೆಂದು ಕುಂದಾಪುರದ ಆಸ್ಪತ್ರೆಗೆ ಹೋಗಿದ್ದಳು, ಸಂಜೆ ಬರುವವಳಿದ್ದಳು.

“ಹ್ವಾಯ್ ಮುತ್ತಣ್ಣ, ಬಚ್ಚಿಯಕ್ಕಂದ್ ಒಂದ್ ಸಹಿ ಹಾಕಿ ಕಾಂಬ,” ಎಂದ ಸಚಿನ್. “ಖಾಲಿಪೀಲಿ ತುಂಬಿದ್ ಡ್ರಮ್ಮ್ ವಾಪಸ್ ಎಂತಕ್ಕೆ?”

ಮುತ್ತುವಿನ ಕೈ ಪೆನ್ನಿನ ಕಡೆ ಹೋಯಿತು. ಇಪ್ಪತ್ತು ವರ್ಷದ ಅಭ್ಯಾಸ, ಹೋಗದೆ ಇರುತ್ತದೆಯೇ? ನಾನು ಪುಸ್ತಕ ಮುಂದೆ ಹಿಡಿದೆ. ಆಣೆ ಮಾಡಿ ಹೇಳುತ್ತೇನೆ, ಹಾಕಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ.

“ಬ್ಯಾಡ,” ಎಂದ ಮುತ್ತು, ಕೈ ಹಿಂದಕ್ಕೆಳೆದುಕೊಂಡು. “ಬಚ್ಚಿಯಕ್ಕನ್ ಸಹಿ ನಂದಲ್ಲ.”

ಸಚಿನ್ ಡ್ರಮ್ಮು ಸಮೇತ ದೋಣಿ ತಿರುಗಿಸಿದ. ದೋಣಿ ದಡ ಬಿಡುವಾಗ ನಾನು ಹಿಂದೆ ನೋಡಿದೆ. ಮುತ್ತು ತನ್ನ ಡ್ರಮ್ಮಿನಿಂದ ಕೊಡಪಾನ ತುಂಬಿಸಿ ಬಚ್ಚಿಯಕ್ಕನ ಜಗಲಿಯ ಮೇಲಿಟ್ಟ, ಮತ್ತೊಂದು ತುಂಬಿಸಿದ, ಮತ್ತೊಂದು. ಸುಗುಣಳ ದನಿ ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಸಿತು. “ಅರ್ಧ ಡ್ರಮ್ಮ್ ಅಲ್ಲಿಗ್ ಹೋಯ್ತ್. ನಮ್ಗ್ ಎಂತ ಇತ್ತ್ ಇನ್ನ್?”

“ನಮ್ ಸ್ನಾನ ಉಪ್ಪ್ ನೀರಗೇ ಆಯ್ಲಿ,” ಎಂದ ಮುತ್ತು, ಮುದುಕಿಯ ಕೊಡಪಾನಕ್ಕೆ ತಟ್ಟೆ ಮುಚ್ಚುತ್ತ.