ಹೋಟೆಲಿನಲ್ಲಿ ನಾನು ‘ಮಾಮಾ’ ಎಂದಾಗ

ನನ್ನ ಸೋದರಮಾವ ಬ್ಯಾಂಕು ದರೋಡೆ ಮಾಡುತ್ತಿದ್ದರು. ಈ ವಾಕ್ಯವನ್ನು ಹೀಗೆ ನೆಟ್ಟಗೆ ಬರೆಯುವುದಕ್ಕೆ ನನಗೆ ಇಷ್ಟು ವಯಸ್ಸಾಗಬೇಕಾಯಿತು. ಎಪ್ಪತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದ್ದ ಮಾತೇ ಬೇರೆ. ಮಾಮಾ ನಾಸಿಕದಲ್ಲಿದ್ದಾರೆ, ಲಾಸಲಗಾಂವಿನಲ್ಲಿ ಉಳ್ಳಾಗಡ್ಡಿ ವ್ಯಾಪಾರ ಮಾಡುತ್ತಾರೆ. ನಾವಿದ್ದದ್ದು ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಅಪ್ಪ ಬೀದರ್ ಕಡೆಯಿಂದ ಹೋಗಿ ಅಲ್ಲಿ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಾಮಾ ಎರಡು ತಿಂಗಳಿಗೊಮ್ಮೆ ಬರುವಾಗ ದ್ರಾಕ್ಷಿ ತರುತ್ತಿದ್ದರು, ಚಿವಡಾ ತರುತ್ತಿದ್ದರು, ಅವ್ವನಿಗೆ ಸೀರೆ ತರುತ್ತಿದ್ದರು. ಒಂದು ದಿನವೂ ಉಳ್ಳಾಗಡ್ಡಿ ತಂದವರಲ್ಲ.

“ಇದೆಂಥಾ ಉಳ್ಳಾಗಡ್ಡಿ ವ್ಯಾಪಾರಪಾ, ಕೈ ಮೂಸಿದ್ರ ಅತ್ತರಿನ ವಾಸನಿ!” ಎಂದು ಅಪ್ಪ ಮೀಸೆಯಲ್ಲೇ ನಗುತ್ತಿದ್ದರು. “ನನ್ನ ತಮ್ಮನ ಮ್ಯಾಲ ಕಣ್ಣ ಹಾಕಬ್ಯಾಡ್ರಿ” ಎಂದು ಅವ್ವ ಸಿಡುಕುತ್ತಿದ್ದಳು. ಅವ್ವನದು ಕುರುಡು ಪ್ರೀತಿ. ನನ್ನದೂ ಕುರುಡೇ, ಆದರೆ ಬೇರೆ ನಮೂನೆಯದು.

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ರೂಢಿ. ನಾನು ಹುಟ್ಟಿದಾಗ ಹತ್ತು ವರ್ಷದ ಹುಡುಗನಾಗಿದ್ದ ಮಾಮಾನ ತೊಡೆಯ ಮೇಲೆ ನನ್ನನ್ನು ಮಲಗಿಸಿ, “ತಗೋ, ನಿನ್ನ ಹೇಣ್ತಿ” ಅಂದಿದ್ದರಂತೆ. ಮಾಮಾ ಹೆದರಿ ಅತ್ತೇಬಿಟ್ಟಿದ್ದರಂತೆ. ಹೀಗಾಗಿ ನನಗೆ ಬುದ್ಧಿ ತಿಳಿದಾಗಿನಿಂದ ಗಂಡ ಎಂದರೆ ಮಾಮಾ, ಅದರಲ್ಲಿ ವಿಚಾರ ಮಾಡುವಂಥದ್ದೇನೂ ಇರಲಿಲ್ಲ. ವಿಚಾರ ಬಂದದ್ದು ನೆರೆಯ ಮರಾಠಿ ಹೆಂಗಸರಿಗೆ. “ಸಖ್ಖಾ ಮಾಮಾ?” ಎಂದು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಅವರಲ್ಲಿ ಒಡಹುಟ್ಟಿದ ಮಾಮಾ ತಂದೆಯ ಸಮಾನ. ಅದೇ ಜನರ ಬಾಯಲ್ಲಿ ಮಾಮಾ ಎಂದರೆ ಪೊಲೀಸ್ ಪೇದೆಯೂ ಹೌದು. ಒಮ್ಮೆ ಮಾಮಾ ಬಸ್ಸಿಳಿದು ಬರುವುದನ್ನು ಕಂಡು ನಾನು ಓಣಿಯಲ್ಲಿ “ಮಾಮಾ ಬಂದ್ರು” ಎಂದು ಕೂಗಿದೆ. ಬೇವಿನ ಮರದ ಕೆಳಗೆ ಇಸ್ಪೀಟು ಆಡುತ್ತಿದ್ದ ನಾಲ್ವರು ಎಲೆಗಳನ್ನು ಅಲ್ಲೇ ಬಿಟ್ಟು ಗೋಡೆ ಹಾರಿದರು. ಮಾಮಾ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅಷ್ಟು ನಗು ಯಾಕೆ ಬಂತೆಂದು ನನಗೆ ಆಗ ತಿಳಿಯಲಿಲ್ಲ.

ಮನೆಗೆ ಬಂದರೆ ಅವರು ಅವ್ವನ ಜೊತೆ ಕೂತು ಮೊರದಲ್ಲಿ ತೊಗರಿಬೇಳೆಯ ಹರಳು ಆರಿಸುವರು. ನನ್ನ ಚಪ್ಪಲಿಯ ಬಾರು ಕಿತ್ತಿದ್ದರೆ ಕೇಳುವ ಮೊದಲೇ ಹೊಲಿದಿಡುವರು. ಪನ್‌ಚಕ್ಕಿಯ ಹತ್ತಿರದ ಬಯಲಿನಲ್ಲಿ ನನಗೆ ಸೈಕಲ್ ಕಲಿಸಿದವರೂ ಅವರೇ. ಹಿಂದೆ ಹಿಡಿದುಕೊಂಡಿದ್ದೇನೆ ಎಂದು ಸುಳ್ಳು ಹೇಳಿ ಯಾವಾಗಲೋ ಕೈ ಬಿಟ್ಟಿದ್ದರು. ಇಂಥ ಮನುಷ್ಯನನ್ನು ಪ್ರೀತಿಸದೆ ಇನ್ನೇನು ಮಾಡಲಿ?

ನನಗೆ ಹದಿನೆಂಟು ತುಂಬಿದ ಚಳಿಗಾಲ, ಮದುವೆಯ ಮಾತು ಪಕ್ಕಾ ಮಾಡುವುದಕ್ಕೆಂದು ಅವ್ವ ನನ್ನನ್ನೂ ಕರೆದುಕೊಂಡು ನಾಸಿಕಕ್ಕೆ ಹೋದಳು. ಪಂಚವಟಿಯ ಕಡೆ ಮಾಮಾನ ಒಂದು ಕೋಣೆಯ ಬಾಡಿಗೆ ಮನೆ. ಪಾಲುದಾರ ಎಂದು ಅವರು ಪರಿಚಯಿಸಿದ ಸಣಕಲು ಮರಾಠಿ ಮನುಷ್ಯನೊಬ್ಬ ಸೈಕಲ್ ಹಿಡಿದುಕೊಂಡು ಸದಾ ಅವರ ಹಿಂದೆಯೇ ಇರುತ್ತಿದ್ದ. ಮದುವೆಯ ಮಾತು ತೆಗೆದರೆ ಮಾಮಾ, “ನೋಡೂಣು ಅಕ್ಕಾ” ಎಂದು ಜಾರಿಕೊಳ್ಳುತ್ತಿದ್ದರು. ದಿನಾ ಸಂಜೆ ನಾಲ್ಕಕ್ಕೆ ಮಾತ್ರ ತಪ್ಪದೆ ನಮ್ಮನ್ನು ಕುಂದಾಪುರ ಕಡೆಯವರ ಒಂದು ಹೋಟೆಲಿಗೆ ಕರೆದೊಯ್ಯುತ್ತಿದ್ದರು. ಅದೇ ಮೇಜು, ಅದೇ ಕುರ್ಚಿ. ಹಿಂದಿನ ಮೇಜಿನಲ್ಲಿ ನಮಗೆ ಬೆನ್ನು ಮಾಡಿ ಒಬ್ಬ ದಪ್ಪ ಮನುಷ್ಯ ಬಸಿಯಲ್ಲಿ ಕಾಫಿ ಸುರಿದುಕೊಂಡು ಕುಡಿಯುತ್ತಿದ್ದ. ಅವನೂ ದಿನಾ ಇರುತ್ತಿದ್ದ.

ಅಲ್ಲಿ ಕೂತರೆ ಮಾಮಾನ ಮಾತಿನ ಧಾಟಿಯೇ ಬದಲಾಗುತ್ತಿತ್ತು. ಮನೆಯಲ್ಲಿ ಮೆಲ್ಲಗೆ ಮಾತಾಡುವವರು ಇಲ್ಲಿ ಕಿವುಡರಿಗೆ ಹೇಳುವ ಹಾಗೆ ಕನ್ನಡದಲ್ಲಿ ಬಂಧುಬಳಗದ ಸುದ್ದಿ ಹೇಳುವರು. ಮೂರನೆಯ ದಿನ ಇಡ್ಲಿ ಮುರಿಯುತ್ತ ನನಗೆ, “ನಿಮ್ಮ ದೊಡ್ಡಪ್ಪ ಗುರುವಾರ ಘೋಟಿಗೆ ಹೊಂಟಾನ. ಮೂರು ಮಂದೀನ್ನ ಕರ್ಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ” ಅಂದರು.

ನನಗಿದ್ದದ್ದು ಒಬ್ಬರೇ ದೊಡ್ಡಪ್ಪ. ಅವರ ತಿಥಿಯ ಊಟವನ್ನೂ ಉಂಡಾಗಿತ್ತು. “ಮಾಮಾ!” ಎಂದು ನಾನು ಗಟ್ಟಿಯಾಗಿ ಕೂಗಿಬಿಟ್ಟೆ. “ದೊಡ್ಡಪ್ಪ ಸತ್ತು ಎರಡು ವರ್ಷ ಆತಲ್ರಿ!”

“ಕಾಯ್ ಝಾಲ?” ಏನಾಯಿತು ಎಂದು ಕೇಳುತ್ತ ಹಿಂದಿನ ಮೇಜಿನ ದಪ್ಪ ಮನುಷ್ಯ ತಟ್ಟನೆ ತಿರುಗಿ ನೋಡಿದ. ತಿರುಗಿದವನ ಮುಖ ಕೂಡಲೇ ಬಿಳಿಚಿಕೊಂಡಿತು. ಮಾಮಾ ಅವನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದರು. ಅಲ್ಲಿ ಸೈಕಲ್ಲಿಗೆ ಒರಗಿ ನಿಂತಿದ್ದ ಸಣಕಲು ಪಾಲುದಾರ ನಮ್ಮನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತು ನೋಡಿ, ಸೈಕಲ್ ಹತ್ತಿ ಹೊರಟುಹೋದ. ದೊಡ್ಡವರಿಗೆ ಎದುರು ಮಾತಾಡಿದೆನೆಂದು ಅವ್ವ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಮಾಮಾ ಉಳಿದ ಇಡ್ಲಿಯನ್ನು ಮುಟ್ಟಲಿಲ್ಲ.

ಅಲ್ಲಿಂದ ನೇರ ಗೋದಾವರಿಯ ಘಾಟಿಗೆ ಹೋದೆವು. ಅವ್ವ ದೀಪ ಬಿಡುವುದಕ್ಕೆ ನೀರಿನ ಹತ್ತಿರ ಇಳಿದಳು. ಮಾಮಾ ನನ್ನನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿಕೊಂಡರು.

“ನಾ ಉಳ್ಳಾಗಡ್ಡಿ ಮಾರಾಂವ ಅಲ್ಲ” ಎಂದರು. “ಬ್ಯಾಂಕ್ ಲೂಟಿ ಮಾಡ್ತೀನಿ. ಒಂಬತ್ತು ವರ್ಷ ಆತು.”

ನಾನು ನಗಲು ನೋಡಿದೆ. ಅವರ ಮುಖದಲ್ಲಿ ನಗುವಿರಲಿಲ್ಲ.

“ಆ ದಪ್ಪನ ಮನುಷ್ಯಾ ಪೊಲೀಸ್ ಜಮಾದಾರ. ನಾಲ್ಕು ವರ್ಷದ ಹಿಂದ ಅವನ ಕೈಗೆ ಸಿಕ್ಕಿದ್ದೆ. ಬ್ಯಾರೆ ಕಳ್ಳರ ಟೋಳಿಯವರ ಸುದ್ದಿ ಕೊಡು, ನಿನ್ನ ಕಡೆ ನಾ ನೋಡೂದಿಲ್ಲ ಅಂದ. ಅವ ಸೊಲ್ಲಾಪುರದ ಕಡ್ಯಾಂವ, ಕನ್ನಡ ತಿಳೀತದ. ನನ್ನ ಜೋಡಿ ಇದ್ದವರಿಗೆ ತಿಳ್ಯಾಂಗಿಲ್ಲ. ಅದಕ್ಕ ಹೋಟೆಲ್‌ನ್ಯಾಗ ನಾ ಮಾತಾಡ್ತೀನಿ, ಅವ ಕೇಳ್ತಾನ.”

“ಅಂದ್ರ ದೊಡ್ಡಪ್ಪ?”

“ಘೋಟಿ ಬ್ಯಾಂಕಿಗೆ ಹೊಂಟ ಟೋಳಿಯ ಮುಖಂಡ.”

ನನಗೆ ನಗುವೂ ಬಂತು, ಅಳುವೂ ಬಂತು. ಯಾರಿಗಾದರೂ ಹೊಡೆದಿದ್ದೀರಾ ಎಂದು ಕೇಳಿದೆ. ಒಂದು ಕಡೆ ಮುದುಕ ಕಾವಲುಗಾರನೊಬ್ಬನ ಕೈ ಮುರಿದಿತ್ತಂತೆ. “ಅದು ನೆನಪಾದ ದಿನ ಊಟ ಸೇರೂದಿಲ್ಲ” ಎಂದರು. ಅದಕ್ಕೆ ನಾನು ಸಮಾಧಾನ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಆ ಮುದುಕನ ಕೈ ಮುರಿದದ್ದು ಮುರಿದದ್ದೇ.

“ನನ್ನ ಪಾಲುದಾರಗ ಕನ್ನಡ ತಿಳ್ಯಾಂಗಿಲ್ಲ. ಆದ್ರ ಮಾಮಾ ಅನ್ನೂ ಮಾತು ತಿಳೀತದ. ನೀ ಕೂಗಿದಿ, ಜಮಾದಾರ ಹೊಳ್ಳಿ ನೋಡಿದ. ಗುರುತಿಲ್ಲದ ಹುಡುಗಿ ಮಾಮಾ ಅಂದ್ರ ಹೊಳ್ಳಿ ನೋಡಾಂವ ಪೊಲೀಸ ಅಲ್ದ ಇನ್ಯಾರು? ದಿನಾ ನನ್ನ ಬೆನ್ನಿಗೆ ಬೆನ್ನು ಹಚ್ಚಿ ಕೂಡೂದೂ ಪೊಲೀಸಾನ ಅಂತ ಅವಗ ಈಗ ಗೊತ್ತಾತು.”

ಓಡಿಹೋಗಿರಿ ಎಂದೆ.

“ಓಡಿಹೋದ್ರ ನನ್ನ ಜೋಡಿಯವರು ನನ್ನ ಹುಡುಕ್ಕೊಂತ ನಿಮ್ಮ ಮನಿಗೆ ಬರ್ತಾರ. ಅವರಿಗೆ ನಿಮ್ಮ ಓಣಿ ಗೊತ್ತದ. ಪೊಲೀಸರು ನನ್ನ ಹಿಡದು ಎಲ್ಲಾರ ಮುಂದ ಬಡದು ಜೈಲಿಗೆ ಹಾಕಿದ್ರ ಮಾತ್ರ, ಇವ ಪೊಲೀಸರ ಮನುಷ್ಯಾ ಅಲ್ಲ ಅಂತ ನಂಬ್ತಾರ. ಹಂಗ ಹಿಡಿ ಅಂತ ಜಮಾದಾರಗ ಹೇಳಿ ಕಳಸ್ತೀನಿ. ನಾಳೆ ಮುಂಜಾನೆ ನೀವು ಬಸ್ ಹತ್ತ್ರಿ.” ಆಮೇಲೆ, “ಎರಡು ದೋಣಿಯೊಳಗ ಕಾಲಿಟ್ಟಾಂವ ಒಂದಿನ ನೀರಿಗೆ ಬೀಳಾಂವನ. ನೀ ಮನಸ್ಸಿಗೆ ಹಚ್ಕೋಬ್ಯಾಡ. ಬ್ಯಾರೆ ಗಂಡು ನೋಡ್ಲಿಕ್ಕೆ ಅಕ್ಕಗ ನಾನ ಹೇಳ್ತೀನಿ” ಎಂದರು.

“ನನ್ನ ಕೇಳೂದಿಲ್ಲೇನ್ರಿ?” ಎಂದೆ. ಅಷ್ಟರಲ್ಲಿ ಅವ್ವ ಒದ್ದೆ ಸೆರಗು ಹಿಂಡುತ್ತ ಮೆಟ್ಟಿಲು ಹತ್ತಿ ಬಂದಳು.

ನಾವು ಊರಿಗೆ ಬಂದ ನಾಲ್ಕನೆಯ ದಿನ ಅಪ್ಪ ಪೇಪರು ಓದುತ್ತ ಓದುತ್ತ ನಿಲ್ಲಿಸಿದರು. ನಾಸಿಕದ ಬಸ್ ನಿಲ್ದಾಣದಲ್ಲಿ ಹಗಲು ಹೊತ್ತಿನಲ್ಲೇ ಬ್ಯಾಂಕು ದರೋಡೆಕೋರನೊಬ್ಬನನ್ನು ಹಿಡಿದಿದ್ದರು. ಹಿಡಿಯುವಾಗ ತಲೆಗೆ ಪೆಟ್ಟು ಬಿದ್ದಿತ್ತು. ಅವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ಪೆಟ್ಟು ಯಾರು ನೋಡಲೆಂದು ಬಿತ್ತು, ಯಾರ ಒಂದು ಕೂಗಿಗಾಗಿ ಬಿತ್ತು ಎಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಜಮಾದಾರನ ಜೊತೆಗಿನ ಒಪ್ಪಂದವನ್ನು ಮಾಮಾ ಕೋರ್ಟಿನಲ್ಲಿ ಎತ್ತಲೇ ಇಲ್ಲ. ಎತ್ತಿದ್ದರೆ ಶಿಕ್ಷೆ ಕಡಿಮೆಯಾಗುತ್ತಿತ್ತೋ ಏನೋ, ನಮ್ಮ ಮನೆ ಉಳಿಯುತ್ತಿರಲಿಲ್ಲ. ನಮ್ಮ ಓಣಿಗೆ ಯಾರೂ ಬರಲಿಲ್ಲ.

ಅವ್ವನ ಜೊತೆ ಒಮ್ಮೆ ಜೈಲಿಗೆ ಹೋದೆ. ಬಾಗಿಲಲ್ಲಿ ಗುಮಾಸ್ತನೊಬ್ಬ ದಪ್ಪ ಪುಸ್ತಕದಲ್ಲಿ ಕೈದಿಗೂ ನಮಗೂ ಇರುವ ನಂಟು ಬರೆದುಕೊಳ್ಳುತ್ತಿದ್ದ. ಅವ್ವ ತಮ್ಮ ಎಂದಳು. ನನ್ನ ಮುಂದೆ ಭಾಚಿ, ಅಂದರೆ ಅಕ್ಕನ ಮಗಳು, ಎಂದು ಬರೆದ. ಜಾಳಿಗೆಯ ಆಚೆ ನಿಂತು ಮಾಮಾ ಅವ್ವನಿಗಷ್ಟೇ ಮಾತಾಡಿದರು. “ಈಕೀಗ ಲಗೂನ ಗಂಡು ನೋಡು ಅಕ್ಕಾ. ಇನ್ನ ಮ್ಯಾಲ ಕರ್ಕೊಂಡು ಬರಬ್ಯಾಡ.” ನನ್ನ ಕಡೆ ಕಣ್ಣೆತ್ತಲಿಲ್ಲ. ನನಗೆ ಸಿಟ್ಟು ಬಂತು. ಜಗತ್ತಿನಲ್ಲಿ ಅಷ್ಟು ಪ್ರೀತಿಸಿದ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಪ್ಪ ಕಲಬುರಗಿ ಕಡೆಯ ಒಬ್ಬ ಮಾಸ್ತರರನ್ನು ಗೊತ್ತು ಮಾಡಿದರು. ಒಳ್ಳೆಯ ಮನುಷ್ಯ, ಅವರ ಬಗ್ಗೆ ನನ್ನದು ಏನೂ ತಕರಾರಿಲ್ಲ. ವೀಳ್ಯ ಬದಲಾಯಿಸುವ ದಿನಕ್ಕೆ ಒಂದು ವಾರವಿರುವಾಗ ಗೆಳತಿಯ ಮನೆಗೆ ಹೋಗುತ್ತೇನೆಂದು ಹೇಳಿ ಒಬ್ಬಳೇ ನಾಸಿಕದ ಬಸ್ಸು ಹತ್ತಿದೆ.

ಜೈಲಿನ ಬಾಗಿಲಲ್ಲಿ ಅದೇ ಗುಮಾಸ್ತ. ಕೈದಿ ನಿನಗೆ ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದ.

“ನವರಾ” ಎಂದೆ. ಗಂಡ.

ಅವನು ಬರೆಯಲಿಲ್ಲ. ಹಿಂದಿನ ಹಾಳೆ ತಿರುವಿ, ಬೆರಳಿಟ್ಟು ತೋರಿಸಿ, “ಹೋದ ಸಲ ಭಾಚಿ ಇದ್ದೆಯಲ್ಲ, ಈಗ ಹೆಂಡತಿ ಹೇಗಾದೆ?” ಎಂದ.

“ನಮ್ಮಲ್ಲಿ ಎರಡೂ ಒಬ್ಬಳೇ ಇರ್ತಾಳೆ” ಎಂದು ನನಗೆ ಬರುವಷ್ಟು ಮರಾಠಿಯಲ್ಲಿ ಹೇಳಿದೆ. ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಈ ಕಾನಡಿ ಜನರ ಕಥೆಯೇ ಬೇರೆ ಎಂದು ಗೊಣಗುತ್ತ ಬರೆದುಕೊಂಡ. ಆಮೇಲೆ ಒಳಗಿನ ಪೇದೆಗೆ, ಕೈದಿ ಒಪ್ಪಿದರೆ ಮಾತ್ರ ಭೇಟಿ, ಕೇಳಿ ಬಾ ಎಂದ.

ಪೇದೆ ಅಂಗಳ ದಾಟಿ ಹೋದ. ಅವನ ಕೂಗು ನನಗೆ ಇಲ್ಲಿಗೇ ಕೇಳಿಸಿತು. ನಿನ್ನ ಹೆಂಡತಿ ಬಂದಿದ್ದಾಳೆ, ಭೇಟಿಯಾಗುತ್ತೀಯೋ ಇಲ್ಲವೋ?

ನನಗೆ ಹೆಂಡತಿಯೇ ಇಲ್ಲ ಎಂದು ಮಾಮಾ ಅಂದಿದ್ದರೆ ಅದು ನಿಜವೇ ಆಗುತ್ತಿತ್ತು. ನಾನು ಸಂಜೆಯ ಬಸ್ಸಿಗೆ ಮನೆಗೆ ಹೋಗಿ ಮಾಸ್ತರರನ್ನು ಮದುವೆಯಾಗುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಕೈದಿಗಳ ಬಿಳಿ ಟೋಪಿಯನ್ನು ಎರಡೂ ಕೈಗಳಿಂದ ಸರಿಮಾಡಿಕೊಳ್ಳುತ್ತ ಅವರು ಅಂಗಳಕ್ಕೆ ಬಂದರು.