ನಾನು ಕತ್ತರಿಸಿದ ಹೆಸರಿನ ನುಡಿ

ಕಾಶವ್ವ ತಮ್ಮ ಗುರುವಿನ ಹೆಸರನ್ನು ಹಾಡಿದ್ದರು. ಅದನ್ನು ಅಳಿಸಿದವನು ನಾನು. ಅವರು ಹಾಡಲೇ ಇಲ್ಲವೆಂದು ಎಲ್ಲರೂ ನಂಬುವಂತೆ ಮಾಡಿದವನೂ ನಾನೇ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಗೋಕಾಕದ ಒಂದು ಸಣ್ಣ ಧ್ವನಿಮುದ್ರಣ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಮೂಡಲಗಿಯ ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಮಾಲಕರು ಆಗಷ್ಟೇ ತರಿಸಿದ್ದ ಎಂಟು ಟ್ರ್ಯಾಕಿನ ಡಿಜಿಟಲ್ ರೆಕಾರ್ಡರಿನ ಇಂಗ್ಲಿಷ್ ಕೈಪಿಡಿಯನ್ನು ಓದಬಲ್ಲವನು ಅಲ್ಲಿ ನಾನೊಬ್ಬನೇ. ಆ ಹೆಮ್ಮೆಯನ್ನು ನೆನೆದರೆ ಇಂದು ಮೈ ಉರಿಯುತ್ತದೆ.

ಯಮಕನಮರಡಿಯ ಕಾಶವ್ವ ಗೀಗೀ ಪದದ ಹಾಡುಗಾರ್ತಿ. ಗೀಗೀ ಪದದ ಕೊನೆಯಲ್ಲಿ ಹೆಸರಿನ ನುಡಿ ಬರುತ್ತದೆ: ಕಲಿಸಿದ ಗುರು ಯಾರು, ಅವರ ಊರು ಯಾವುದು ಎಂದು ಹಾಡಿಯೇ ಮುಗಿಸಬೇಕು. ಬಿಟ್ಟರೆ ಗುರುವನ್ನೇ ಅಲ್ಲಗಳೆದಂತೆ. ಕಾಶವ್ವ ಹಾಡಿದರು — ಕೊಣ್ಣೂರಿನ ಬಾಳಪ್ಪ ಮಾಸ್ತರರ ಹೆಸರನ್ನು, ಕಣ್ಣು ಮುಚ್ಚಿಕೊಂಡು. ಮಾಸ್ತರರು ತೀರಿಕೊಂಡು ವರ್ಷವೂ ಆಗಿರಲಿಲ್ಲ.

ಆದರೆ ಹಾಡು ಕ್ಯಾಸೆಟ್ಟಿನ ಒಂದು ಬದಿಗಿಂತ ಮುಕ್ಕಾಲು ನಿಮಿಷ ಉದ್ದವಾಯಿತು.

“ಹೆಂಗರ ಮಾಡಿ ಕೂಡಸ್ರಿ ಬಿ.ಎಸ್ಸಿ. ಸಾಹೇಬ್ರ” ಎಂದು ಮಾಲಕರು ನಕ್ಕರು. “ಎಲ್ಲಿ ಕತ್ತರಸ್ತೀರಿ, ನಿಮಗ ಬಿಟ್ಟದ್ದು.”

ಕಥೆ ಮುಗಿದ ಮೇಲಿನ ಆ ನುಡಿ ನನಗೆ ಲಕೋಟೆಯ ಹಿಂಬದಿಯ ವಿಳಾಸದಂತೆ ಕಂಡಿತು. ಮುಖ್ಯ ಧ್ವನಿ, ಹಿಮ್ಮೇಳ, ದಪ್ಪಿನ ಬಡಿತ, ತುಂತುಣಿಯ ತಂತಿ — ನಾಲ್ಕೂ ಟ್ರ್ಯಾಕುಗಳಿಂದ ಅಷ್ಟನ್ನು ತೆಗೆದೆ. ಹಿಂದಿನ ನುಡಿಗೆ ಹಿಮ್ಮೇಳದವರು ದನಿಗೂಡಿಸಿದ ‘ಜೀ ಜೀ’ಯನ್ನು ನಕಲು ಮಾಡಿ ಕೊನೆಗೆ ಜೋಡಿಸಿದೆ. ಜೋಡಣೆ ಯಾರ ಕಿವಿಗೂ ಸಿಗದಷ್ಟು ನಯವಾಗಿತ್ತು. ಕಾಶವ್ವನನ್ನು ಒಂದು ಮಾತು ಕೇಳಬೇಕೆಂದು — ಇಲ್ಲ, ಹೊಳೆಯಲೇ ಇಲ್ಲ.

ಕ್ಯಾಸೆಟ್ಟು ಹೊರಬಂದ ವಾರದೊಳಗೆ ಮಾಸ್ತರರ ಮಗ ಸಿದ್ದಪ್ಪ ಸ್ಟುಡಿಯೋಕ್ಕೆ ಬಂದರು. ಜೊತೆಗೆ ಕಾಶವ್ವ, ಮೇಳದ ಇಬ್ಬರು ಹೆಂಗಸರು.

“ನಮ್ಮಪ್ಪನ ಹೆಸರು ಹೇಳಾಕ ಗಂಟಲಾಗ ಮುಳ್ಳ ಸಿಕ್ಕಿತ್ತೇನವ್ವಾ? ಕ್ಯಾಸೆಟ್ಟಿಗೆ ಬಂದಕೂಡ್ಲೆ ಭಾಳ ದೊಡ್ಡಾಕಿ ಆದಿ!”

“ಹಾಡೇನೋ ಅಣ್ಣಾ, ಖರೆ ಹಾಡೇನಿ. ಈ ಸರ ಕುಂತು ಕೇಳ್ಯಾರ. ಹೇಳ್ರಿ ಸರ, ನಾ ಹಾಡೇನಿಲ್ಲೋ?”

ಆ ಯಂತ್ರದಲ್ಲಿ ತೆಗೆದ ಭಾಗ ಕೂಡಲೇ ನಾಶವಾಗುವುದಿಲ್ಲ. ಮೊದಲಿನ ಸ್ಥಿತಿಗೆ ಮರಳಿಸುವ ಗುಂಡಿ ನನ್ನ ಕೈಯಳತೆಯಲ್ಲೇ ಇತ್ತು. ಒತ್ತಿದ್ದರೆ ಮುಕ್ಕಾಲು ನಿಮಿಷದಲ್ಲಿ ಎಲ್ಲವೂ — ಆದರೆ ಮಾಲಕರು ಬಾಗಿಲಲ್ಲಿ ನಿಂತಿದ್ದರು. ತಪ್ಪು ಮಾಡುವ ಪದವೀಧರನಾಗಿ ಕಾಣಿಸಿಕೊಳ್ಳಲು ನಾನು ಹೆದರಿದೆ. ಮನೆಮಾತನ್ನು ಬಿಟ್ಟು ಪುಸ್ತಕದ ಕನ್ನಡದಲ್ಲಿ ಹೇಳಿದೆ. ಅದಕ್ಕೆ ಹೆಚ್ಚು ಬೆಲೆಯಿದೆಯೆಂದು ನನಗೆ ಗೊತ್ತಿತ್ತು:

“ಯಂತ್ರದಲ್ಲಿ ನೀವು ಹಾಡಿದ್ದು ಮಾತ್ರ ಇರುತ್ತದೆ.”

“ಕೇಳಿದ್ಯಾ? ಕಲತ ಮಂದಿ ಸುಳ್ಳ ಯಾಕ ಹೇಳ್ತಾರ?” ಎಂದರು ಸಿದ್ದಪ್ಪ. ಕಾಶವ್ವನ ಹೆಗಲಲ್ಲಿದ್ದ, ಗುರು ತಮ್ಮ ಕೈಯಾರೆ ಕೊಟ್ಟಿದ್ದ ದಪ್ಪನ್ನು ಅಲ್ಲಿಯೇ ಕಸಿದುಕೊಂಡರು. ಜೊತೆಯಲ್ಲಿ ಹಾಡಿದ್ದ ಹೆಂಗಸರಿಬ್ಬರೂ ತಲೆತಗ್ಗಿಸಿ ನಿಂತಿದ್ದರು. ತಾವೇ ಆ ನುಡಿಗೆ ‘ಜೀ ಜೀ’ ಎಂದವರು! ತಮ್ಮ ಬಾಯಿಯನ್ನೇ ಅವರು ಅನುಮಾನಿಸಿದರು, ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಅನುಮಾನಿಸಲಿಲ್ಲ. ಇದು ಎಂಥ ನ್ಯಾಯ? ಜೀವಮಾನವಿಡೀ ಹಾಡಿದ ಹೆಣ್ಣುಮಗಳ ಮಾತಿಗಿಂತ ನನ್ನ ಇಸ್ತ್ರಿ ಮಾಡಿದ ಅಂಗಿ ದೊಡ್ಡದಾಯಿತೆ? ಈ ಸಿಟ್ಟನ್ನು ಅವರ ಮೇಲೆ ತೋರಿಸುವ ಹಕ್ಕು ನನಗಿಲ್ಲ. ಅವರನ್ನು ಹಾಗೆ ಮಾಡಿದವನು ನಾನು.

ಅವರು ಮೆಟ್ಟಿಲಿಳಿದು ಹೋದ ಮೇಲೆ, ಬಳಸದ ಭಾಗಗಳನ್ನು ಶಾಶ್ವತವಾಗಿ ಅಳಿಸುವ ಆಜ್ಞೆಯನ್ನು ಕೊಟ್ಟೆ. ಖಚಿತವೇ ಎಂದು ಯಂತ್ರ ಕೇಳಿತು. ಯಂತ್ರಕ್ಕಿದ್ದ ಸಂಕೋಚ ನನಗಿರಲಿಲ್ಲ. ಕಾಶವ್ವನ ಪರವಾಗಿದ್ದ ಏಕೈಕ ಸಾಕ್ಷಿ ಹೋಯಿತು. ಆಮೇಲೆ ಯಾವ ಮೇಳವೂ ಅವರನ್ನು ಕರೆಯಲಿಲ್ಲ.

ಹೋದ ತಿಂಗಳು ಯಮಕನಮರಡಿಗೆ ಹೋದೆ. ಕಾಶವ್ವ ಈಗ ಮುದುಕಿ. ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಎಲ್ಲವನ್ನೂ ಹೇಳಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು — ಅದೂ ನಾಚಿಕೆಗೇಡು. ಅವರು ಮೊರವನ್ನು ಕೆಳಗಿಟ್ಟರು.

“ನನ್ನ ಮುಂದ ಯಾಕ ಅಳ್ತೀರಿ ಸರ? ನಾ ಹಾಡಿದ್ದು ನನಗ ಗೊತ್ತೈತಿ. ಗೊತ್ತಿಲ್ಲದವ್ರು ಕೊಣ್ಣೂರಾಗ ಅದಾರ. ಅಲ್ಲಿ ಹೋಗಿ ಹೇಳ್ರಿ.”

ಕ್ಷಮೆಯ ಮಾತನ್ನು ಅವರು ಎತ್ತಲಿಲ್ಲ. ನಾನು ಬಯಸಿದ್ದು ಅದನ್ನೇ ಎಂಬುದು ಅವರಿಗೆ ತಿಳಿದಿತ್ತೆಂದು ತೋರುತ್ತದೆ.

ಅಂದಿನಿಂದ ಎರಡು ಸಲ ಕೊಣ್ಣೂರಿನ ಬಸ್ಸು ಹತ್ತಬೇಕೆಂದು ಹೊರಟು ಹಿಂದಿರುಗಿದ್ದೇನೆ. ಈ ಬರಹವೂ ಅಡಗಿಕೊಳ್ಳುವ ಇನ್ನೊಂದು ಬಗೆಯೇ ಇರಬಹುದು — ಸಿದ್ದಪ್ಪ ಇದನ್ನು ಓದುವವರಲ್ಲ. ಆದುದರಿಂದ ನಾಳೆ ಬೆಳಿಗ್ಗೆ ಹೋಗುತ್ತೇನೆ. ಅವರ ಮನೆಯ ಅಂಗಳದಲ್ಲಿ, ನೆರೆಹೊರೆಯವರು ಕೇಳುವಂತೆ, ನಮ್ಮ ಮನೆಯ ಮಾತಿನಲ್ಲೇ ಹೇಳುತ್ತೇನೆ: ಆಕಿ ಹಾಡಿದ್ಲರಿ. ಸುಳ್ಳ ಹೇಳಿದಾವ ನಾನು.